ದ್ರಾಕ್ಷಿ ತೋಟಕ್ಕೆ ಹೋದ ಹಿಂಡು

ಕೊಕಟನೂರ
25 ಆಗಸ್ಟ್ 2024

ಸಾರಿಕಾಗೆ ಆಯಿ ಮಾಡುವ ಆಶೀರ್ವಾದಗಳು.

ಹೇಗಿದ್ದೀ ಮಗಳೇ? ಹಾಸ್ಟೆಲ್ ಮೆಟ್ಟಿಲಲ್ಲಿ ಉಳುಕಿದ ಕಾಲು ನೆಟ್ಟಗಾಯಿತೇ? ಕೋಣೆಯ ಗೆಳತಿ ಬ್ರಾಹ್ಮಿಯ ಜ್ವರ ಇಳಿಯಿತೇ? ಹೊತ್ತು ಮುಳುಗಿದ ಮೇಲೆ ಅವಳು ಉಣ್ಣುವುದಿಲ್ಲ ಎಂದು ನೀನೇ ಬರೆದಿದ್ದೆ. ಸಂಜೆಗೆ ಮೊದಲೇ ಒಂದಿಷ್ಟು ಗಂಜಿ ಕುಡಿಸು. ಇಲ್ಲಿ ನನ್ನ ಇಬ್ಬರು ಮಕ್ಕಳು, ನಿನ್ನ ಅಪ್ಪ ಮಾಳು, ಕಾಕಾ ಲಕ್ಷ್ಮಣ, ಜೊತೆಗೆ ನಿನ್ನ ಅವ್ವ ಮಾಯಾ, ಎಲ್ಲರೂ ಆರಾಮ. ಆರಾಮ ಇಲ್ಲದ್ದು ನನ್ನ ಕಿವಿ ಒಂದೇ. ಎಡಗಿವಿ ಪೂರ್ತಿ ಮುಚ್ಚಿತು. ಬಲಗಿವಿಗೆ ಬಾಯಿ ಹಚ್ಚಿ ಒದರಿದರೆ ಕೇಳುತ್ತದೆ, ಮನೆಯವರ ಮಾತು ತುಟಿ ನೋಡಿ ತಿಳಿಯುತ್ತದೆ. ಫೋನಿನಲ್ಲಿ ನಿನ್ನ ದನಿ ಜೋಳ ಹುರಿದ ಹಾಗೆ ಚಟಚಟ ಅನ್ನುತ್ತದೆ, ಮಾತು ತಿಳಿಯುವುದಿಲ್ಲ. ಅದಕ್ಕೇ ಕಾಗದ ಬರೆಯುತ್ತೇನೆ. ನಾನು ಅಕ್ಷರ ಕಲಿತದ್ದು ಬಸ್ಸಿನ ಬೋರ್ಡು ನೋಡಿ, ಭಜಿ ಕಟ್ಟಿಕೊಟ್ಟ ಪೇಪರ್ ಓದಿ. ಹೀಗಾಗಿ ಬರೆಯಲು ಕೂತರೆ ಪೇಪರಿನ ಭಾಷೆಯೇ ಬರುತ್ತದೆ. ನಗಬೇಡ.

ಮಾಯಾ ಒಂದು ಸುದ್ದಿ ಹೇಳಿದಳು. ದೊಡ್ಡ ಕಂಪನಿಗಳಲ್ಲಿ ಕೆಲಸ ಮಾಡಿ ನಿವೃತ್ತರಾದ ಸಾಹೇಬರು ನಿಮ್ಮ ವಿಶ್ವವಿದ್ಯಾಲಯಕ್ಕೆ ಬಂದು, ಒಬ್ಬೊಬ್ಬರು ನಾಲ್ಕು ನಾಲ್ಕು ಎಂಬಿಎ ಹುಡುಗರನ್ನು ಹಿಡಿದುಕೊಂಡು ಬುದ್ಧಿ ಹೇಳುತ್ತಾರಂತೆ. ಇದು ನನಗೆ ಹೊಸದಲ್ಲ. ನಮ್ಮಲ್ಲಿಯೂ ಹೊಸ ಕುರಿಗಾರನನ್ನು ಒಂದು ವರ್ಷ ಬೇರೆಯವರ ಹಿಂಡಿನ ಜೊತೆ ಕಳಿಸುತ್ತಿದ್ದರು. ಅಪ್ಪನ ಹಿಂಡಿನಲ್ಲಿ ಮಗ ಕಲಿಯುವುದಿಲ್ಲ, ಬೈಗುಳ ಬಿದ್ದರೆ ಅವ್ವನ ಕಡೆ ಓಡುತ್ತಾನೆ. ನಿನಗೆ ಸಿಕ್ಕ ಸಾಹೇಬರು ಯಾರು? ಎಲ್ಲಿಯವರು? ಬೈಯುತ್ತಾರೋ ಹೇಗೆ? ನೀನು ಮೊದಲ ವರ್ಷ ಹೆದರಿ ಬಾಯಿ ಬಿಡಲಿಲ್ಲ. ಈ ವರ್ಷವೂ ಹಾಗೇ ಕೂತರೆ ಹೇಗೆ ಎಂಬುದೇ ನನ್ನ ತಲೆಯಲ್ಲಿ ಸುತ್ತುತ್ತದೆ. ಒಂದೆಡೆ ಕೂರಲು ಆಗುತ್ತಿಲ್ಲ.

ನಿನ್ನ ಆಯಿ,
ಸಾವಕ್ಕ


ಹಾಸ್ಟೆಲ್
8 ಸೆಪ್ಟೆಂಬರ್ 2024

ಆಯಿ,

ಕಾಲು ವಾಸಿಯಾಗಿದೆ. ಬ್ರಾಹ್ಮಿ ಎದ್ದು ಓಡಾಡುತ್ತಿದ್ದಾಳೆ, ನಿನ್ನ ಗಂಜಿಯ ಮಾತು ಓದಿ ನಕ್ಕಳು.

ನನಗೆ ಸಿಕ್ಕವರು ಶೀತಲ ಸರ್. ಮೂವತ್ನಾಲ್ಕು ವರ್ಷ ಸಾಬೂನು ಕಂಪನಿಯಲ್ಲಿದ್ದು, ಅರ್ಧ ದೇಶಕ್ಕೆ ಸಾಬೂನು ಮುಟ್ಟಿಸಿ ನಿವೃತ್ತರಾದವರು. ಊರು ನಮ್ಮ ಕಡೆಯ ಕಾಗವಾಡ! ಇನ್ನುಳಿದ ಸಾಹೇಬರೆಲ್ಲ ಇಂಗ್ಲಿಷಿನಲ್ಲೇ ಮಾತಾಡುತ್ತಾರೆ. ಇವರು ಮೊದಲ ಶನಿವಾರ ನನ್ನ ಹೆಸರಿನ ಮುಂದೆ ಊರು ನೋಡಿದ್ದೇ, "ಮನ್ಯಾಗ ಏನ್ ಮಾಡ್ತಾರವಾ?" ಎಂದರು.

"ಲೈವ್‌ಸ್ಟಾಕ್ ಸರ್" ಎಂದೆ.

"ಲೈವ್‌ಸ್ಟಾಕ್ ಅಂದ್ರ? ಎಮ್ಮಿನೋ ಕುರಿನೋ?"

ನನ್ನ ಗುಂಪಿನ ಉಳಿದ ಮೂವರು ನಕ್ಕರು. "ಕುರಿ ಸರ್" ಎಂದೆ.

"ಹಂಗ ಹೇಳ ಮತ್ತ! ಕುರಿಗಿ ಇಂಗ್ಲಿಷ್ ಅಂಗಿ ಯಾಕ ಹಾಕಸ್ತಿ?"

ಅವತ್ತಿನಿಂದ ನನ್ನ ಬಾಯಿ ಬಿಚ್ಚಿದೆ ಆಯಿ. ಪ್ರತಿ ಭೇಟಿಯಲ್ಲಿ ಅವರು ಒಂದು ಸಣ್ಣ ಹಾಳೆಯ ಮೇಲೆ ಒಂದೇ ಪ್ರಶ್ನೆ ಬರೆದು, ಹರಿದು ಕೈಗೆ ಕೊಡುತ್ತಾರೆ. ನನ್ನ ಪ್ರಶ್ನೆ ಇದು: "ನಿಮ್ಮ ಮನೆಯವರ ಹತ್ತಿರ ಇದ್ದು, ಬೇಕಾದವರಿಗೆ ಗೊತ್ತಿಲ್ಲದೆ ಹೋಗುತ್ತಿರುವುದು ಏನು?" ಎರಡು ವಾರ ಯೋಚಿಸಿದೆ. ಉತ್ತರ ಹಿಂಡು ತರುಬುವುದು. ಅಪ್ಪ ಒಬ್ಬರ ಹೊಲದಲ್ಲಿ ನಾಲ್ಕು ರಾತ್ರಿ ಕುರಿ ಕೂಡಿಹಾಕಿದರೆ ಆ ಹೊಲಕ್ಕೆ ವರ್ಷದ ಗೊಬ್ಬರವಾಗುತ್ತದೆ. ಆದರೆ ಅಪ್ಪ ಹೋಗುವುದು ಅವರ ಅಪ್ಪ ಹೋಗುತ್ತಿದ್ದ ಹೊಲಗಳಿಗೇ. ಅಥಣಿ ಸುತ್ತಿನ ದ್ರಾಕ್ಷಿ ತೋಟದವರು ಗೊಬ್ಬರಕ್ಕಾಗಿ ಲಾರಿ ತರಿಸುತ್ತಾರೆ. ಯಾವ ತೋಟಕ್ಕೆ ಯಾವ ದಿನ ಗೊಬ್ಬರ ಬೇಕು, ಆ ದಿನ ಯಾವ ಹಿಂಡು ಹತ್ತಿರದಲ್ಲಿದೆ, ಇವೆರಡನ್ನೂ ಜೋಡಿಸುವುದೇ ನನ್ನ ಪ್ರಾಜೆಕ್ಟ್.

ಸರ್ ಮೇಜು ಕುಟ್ಟಿ ಹೇಳಿದರು: "ಪೇಪರ್ ಮ್ಯಾಲ ಬ್ಯಾಡ. ಒಂದ್ ತೋಟ, ಒಂದ್ ಹಿಂಡು, ಒಂದ್ ತಾರೀಖು. ಮಾಡಿ ತೋರಸು." ಅಕ್ಟೋಬರ್ 19ರ ಶನಿವಾರ ಐವರು ಮಾರ್ಗದರ್ಶಕರೂ ವ್ಯಾನ್ ಮಾಡಿಕೊಂಡು ನೋಡಲು ಬರುತ್ತಾರೆ. ಆಯ್ಕೆಯಾದ ಒಬ್ಬರಿಗೆ ಪುಣೆಯಲ್ಲಿ ಆರು ತಿಂಗಳು ಕೆಲಸ ಕಲಿಯುವ ಅವಕಾಶ. ತೋಟ ಅಮೋಲಣ್ಣನದು, ನಮ್ಮೂರಿನಿಂದ ಅಥಣಿಗೆ ಹೋಗುವ ದಾರಿಯದು. ಅವರು ಒಪ್ಪಿದ್ದಾರೆ. ಹಿಂಡು ನಮ್ಮದೇ. ಅಪ್ಪನನ್ನು ನೀನು ಒಪ್ಪಿಸು.

ನಿನ್ನ
ಸಾರಿಕಾ


ಕೊಕಟನೂರ
20 ಸೆಪ್ಟೆಂಬರ್ 2024

ಸಾರಿಕಾಗೆ ಆಶೀರ್ವಾದ.

ನಿನ್ನ ಅಪ್ಪನನ್ನು ಒಪ್ಪಿಸುವುದೇನು, ಅವನನ್ನು ಹಿಡಿದು ನಿಲ್ಲಿಸುವುದೇ ಕಷ್ಟವಾಗಿದೆ. "ನನ್ನ ಮಗಳು ನನಗ ಹೊಲ ಹುಡುಕಿ ಕೊಡಾಕತ್ತಾಳ" ಎಂದು ಗುಡಿಯ ಕಟ್ಟೆ, ಚಹಾದ ಅಂಗಡಿ, ಕ್ಷೌರದ ಅಂಗಡಿ ಎಲ್ಲ ಕಡೆ ಹೇಳಿ ಬಂದ. ಲಕ್ಷ್ಮಣ ಕಾಲೆಳೆದ: "ಇನ್ನ ಕುರಿಗೂ ಹಾಜರಿ ಪುಸ್ತಕ ಇಡ್ತಾರೇನ ಅಣ್ಣಾ? ರಜಾ ಬೇಕಂದ್ರ ಅರ್ಜಿ ಬರೀಬೇಕೇನ?" ಮಾಯಾ ರೊಟ್ಟಿ ಬಡಿಯುತ್ತಲೇ, "ನೀವು ಸುಮ್ನ ಕುಂಡ್ರಿ. ಕುರಿ ಕಾಯಾಕ ನಿಮಗಿಂತ ಕುರಿಗೇ ಚಲೋ ತಿಳೀತೈತಿ" ಎಂದಳು. ಎಲ್ಲರೂ ನಕ್ಕೆವು.

ನಗು ಮುಗಿದ ಮೇಲೆ ನನಗೆ ಒಳಗೇ ಒಂದು ಚಡಪಡಿಕೆ ಹತ್ತಿತು. ಬರೆಯಲೋ ಬೇಡವೋ ಎಂದು ಎರಡು ದಿನ ಕಳೆದೆ. ಜೋಳದ ಹೊಲ ತೆರೆದ ಹೊಲ, ಕುರಿ ಏನು ತಿನ್ನುತ್ತದೆ ಎಂದು ಕಣ್ಣಿಗೆ ಕಾಣುತ್ತದೆ. ದ್ರಾಕ್ಷಿ ಬಳ್ಳಿಗೆ ಮಳೆ ಬಂದರೊಂದು ಔಷಧ, ಮಂಜು ಬಿದ್ದರೊಂದು ಔಷಧ. ಅಕ್ಟೋಬರದಲ್ಲಿ ಬಳ್ಳಿ ಕತ್ತರಿಸಿ ಕೆಡವುತ್ತಾರೆ, ಕೆಡವಿದ ಎಲೆಯನ್ನು ಕುರಿ ಬಿಡುವುದಿಲ್ಲ. ನೀನು ಅಮೋಲನನ್ನು ಕೇಳು. ಏನು ಹೊಡೆದಿದ್ದಾರೆ, ಎಂದು ಹೊಡೆದಿದ್ದಾರೆ. ಕೇಳಿದ್ದನ್ನು ಅಪ್ಪನಿಗೆ ಹೇಳು. ಅಮೋಲನ ಅಪ್ಪನ ಕಾಲದಿಂದಲೂ ಅವರದು ನಮ್ಮದು ಚಲೋ ಇದೆ. ನಮ್ಮ ಹಿಂಡು ಅವರ ಬಾವಿಯ ನೀರು ಕುಡಿದಿದೆ.

ಇಷ್ಟೇ ನನ್ನ ಬುದ್ಧಿ. ಇದಕ್ಕಿಂತ ಹೆಚ್ಚು ಹೇಳಿದರೆ ಮುದುಕಿ ಅಡ್ಡಗಾಲು ಹಾಕಿದಳು ಎನ್ನುತ್ತೀರಿ.

ನಿನ್ನ ಆಯಿ,
ಸಾವಕ್ಕ


ಹಾಸ್ಟೆಲ್
20 ಅಕ್ಟೋಬರ್ 2024, ಭಾನುವಾರ

ಆಯಿ, ಆಯಿ, ಆಯಿ!

ನಿನ್ನೆ ನೀನು ಅಲ್ಲಿ ಇರಬೇಕಿತ್ತು. ಬೆಳಿಗ್ಗೆ ಎಂಟಕ್ಕೆ ನಮ್ಮ ವ್ಯಾನ್ ಅಮೋಲಣ್ಣನ ತೋಟ ಮುಟ್ಟಿತು. ಶುಕ್ರವಾರ ಸಂಜೆಯೇ ಅಪ್ಪ ಹಿಂಡು ತಂದು ಬಳ್ಳಿಯ ಸಾಲುಗಳ ನಡುವೆ ಬಲೆ ಕಟ್ಟಿ ತರುಬಿದ್ದರು. ಅಮೋಲಣ್ಣ ಊರಲ್ಲಿರಲಿಲ್ಲ. ಅವರ ಅವ್ವ ಸುಂದರಾಬಾಯಿಯನ್ನು ಮೀರಜದ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರು. ತೋಟದ ಆಳು ಗೇಟು ತೆಗೆದುಕೊಟ್ಟ.

ಐವರು ಸಾಹೇಬರು ಬೂಟು ಹಾಕಿಕೊಂಡು ಹಿಕ್ಕೆಯ ಮೇಲೆ ಹೇಗೆ ಹೆಜ್ಜೆ ಇಟ್ಟರು ಎಂದರೆ, ನಗು ತಡೆಯಲು ನಾನು ಜೊತೆಗೆ ಬಂದಿದ್ದ ಬ್ರಾಹ್ಮಿಯ ಕೈ ಚಿವುಟಿದೆ. ಒಬ್ಬರು ಅಪ್ಪನನ್ನು ಕೇಳಿದರು, "ಇಷ್ಟು ಕುರಿಯಲ್ಲಿ ನಿಮ್ಮದು ಯಾವುದು ಎಂದು ಹೇಗೆ ಗುರುತು ಹಿಡಿಯುತ್ತೀರಿ?" ಅಪ್ಪ ಹೇಳಿದರು: "ನಿಮ್ಮ ಸಾಲ್ಯಾಗ ಇಷ್ಟ ಹುಡುಗೂರದಾರ, ನನ್ನ ಮಗಳನ್ನ ನಾ ಹೆಂಗ ಹಿಡದ್ನಿರಿ? ಹಂಗ." ಎಲ್ಲರೂ ಚಪ್ಪಾಳೆ ತಟ್ಟಿದರು. ಶೀತಲ ಸರ್ ತಟ್ಟಲಿಲ್ಲ, ಸುಮ್ಮನೆ ನನ್ನ ತಲೆಯ ಮೇಲೆ ಕೈ ಇಟ್ಟರು.

ಆಯ್ಕೆ ನನ್ನದೇ ಎಂದು ಎಲ್ಲರೂ ಹೇಳುತ್ತಿದ್ದಾರೆ. ದೀಪಾವಳಿಗೆ ಬರುತ್ತೇನೆ.

ನಿನ್ನ
ಸಾರಿಕಾ


ಕೊಕಟನೂರ
25 ಅಕ್ಟೋಬರ್ 2024

ಸಾರಿಕಾ,

ನಿನ್ನ ಕಾಗದ ನಿನ್ನೆ ಬಂತು. ಮೂರು ಸಲ ಆಯಿ ಎಂದು ಕರೆದಿದ್ದೀ.

ನಿನ್ನ ಅಪ್ಪ ನಿನಗೆ ತಿಳಿಸಬೇಡಿ ಎಂದಿದ್ದಾನೆ. "ಅಕಿಗೆ ಪರೀಕ್ಷಾ ಅದಾವ, ಈಗ ಯಾರೂ ಫೋನ್ ಮಾಡಬ್ಯಾಡ್ರಿ" ಎಂದ. ಫೋನ್ ಮಾಡಲು ನನಗೆ ಬರುವುದಿಲ್ಲ, ಕಾಗದದ ಬಗ್ಗೆ ಅವನು ಏನೂ ಹೇಳಲಿಲ್ಲ. ಹಾಗಾಗಿ ಬರೆಯುತ್ತಿದ್ದೇನೆ. ಕೂತುಕೊಂಡು ಓದು.

ಹನ್ನೊಂದು ಕುರಿ ಸತ್ತವು. ಭಾನುವಾರ ಸಂಜೆ ಮೇವಿಗೆ ಬಾಯಿ ಹಾಕಲಿಲ್ಲ. ಸೋಮವಾರ ಜೊಲ್ಲು, ಹಸಿರು ನೀಲಿ ಬಣ್ಣದ ಹಿಕ್ಕೆ. ಮಂಗಳವಾರ ಬೆಳಿಗ್ಗೆ ನಾಲ್ಕು ಏಳಲಿಲ್ಲ. ಅಥಣಿಯಿಂದ ಡಾಕ್ಟರು ಬಂದು ಒಂದರ ಹೊಟ್ಟೆ ಕೊಯ್ದು ನೋಡಿದರು. ಬಳ್ಳಿಗೆ ಮೈಲುತುತ್ತದ ನೀಲಿ ಔಷಧ ಹೊಡೆದಿದ್ದಾರೆ, ಕತ್ತರಿಸಿ ಬಿದ್ದ ಎಲೆಯನ್ನು ಹಿಂಡು ರಾತ್ರಿಯೆಲ್ಲ ಮೇದಿದೆ, ಅದರಲ್ಲಿರುವ ತಾಮ್ರ ಕುರಿಗೆ ವಿಷ ಎಂದರು. ಸೂಜಿ ಚುಚ್ಚಿ ಉಳಿದವನ್ನು ಉಳಿಸಿದರು. ಉಳಿದವೂ ಇನ್ನೂ ಕಿವಿ ಜೋತು ಹಾಕಿ ನಿಂತಿವೆ.

ಬುಧವಾರ ಅಮೋಲ ಓಡಿ ಬಂದ. ನಿನ್ನ ಅಪ್ಪ ಅವನನ್ನು ಅಂಗಳಕ್ಕೆ ಕಾಲಿಡಗೊಡಲಿಲ್ಲ. ನಾನು ನಡುವೆ ನಿಂತಿದ್ದೆ, ಅದಕ್ಕೇ ಮಾತೆಲ್ಲ ಕೇಳಿಸಿತು.

"ಔಷಧ ಹೊಡದು ಊರ ಬಿಟ್ಟ ಹೋಗ್ತಿ? ಒಂದ ಮಾತ ಹೇಳಾಕ ನಿನ್ನ ನಾಲಗಿ ಸೇದಿತ್ತೇನ್ಲೇ?"

"ಮಾಳಣ್ಣಾ, ನಾ ಮೊದಲ ಹೇಳಿದ್ನಿ."

"ಯಾರಿಗಿ ಹೇಳಿದಿ? ನನಗ ಹೇಳಿದೇನ?"

ಅಮೋಲ ಬಾಯಿ ತೆರೆದ. ನಿನ್ನ ಅಪ್ಪನ ಮುಖ ನೋಡಿದ. ಮತ್ತೆ ಬಾಯಿ ಮುಚ್ಚಿದ. "ತಪ್ಪಾತು" ಎಂದು ಗಾಡಿ ತಿರುಗಿಸಿಕೊಂಡು ಹೋದ.

ಅವನು ಯಾರಿಗೆ ಹೇಳಿದ್ದ? ಎರಡು ದಿನದಿಂದ ಇದೊಂದೇ ನನ್ನ ತಲೆಯಲ್ಲಿ. ನಿನ್ನ ಅಪ್ಪ ಮಾತ್ರ ಅವನೇ ಬೇಕೆಂದು ಮಾಡಿದ ಎಂದು ಕೂತಿದ್ದಾನೆ. ಸುತ್ತಿನ ಕುರಿಗಾರರು ಯಾರೂ ಅಮೋಲನ ಹೊಲ ತುಳಿಯಬಾರದು, ಅವನ ಮೇಲೆ ಕೇಸು ಹಾಕಬೇಕು ಎಂದು ಊರೂರು ತಿರುಗುತ್ತಿದ್ದಾನೆ. ಉಣ್ಣುವುದೂ ನಿಂತುಕೊಂಡೇ.

ನೀನು ಅಮೋಲನನ್ನು ಕೇಳಿದ್ದೆಯೋ ಇಲ್ಲವೋ ಎಂದು ನಾನು ಕೇಳುವುದಿಲ್ಲ. ನೀನೇ ಬರೆ.

ಆಯಿ


ಹಾಸ್ಟೆಲ್
1 ನವೆಂಬರ್ 2024

ಆಯಿ,

ನಿನ್ನ ಕಾಗದ ಬಂದು ನಾಲ್ಕು ದಿನವಾಯಿತು. ಏನು ಬರೆಯಬೇಕು ಎಂದು ಗೊತ್ತಾಗುತ್ತಿಲ್ಲ. ದೀಪಾವಳಿಗೆ ಬರಲು ಆಗಲಿಲ್ಲ, ಓದುವುದಿದೆ.

ಆಯ್ಕೆ ನನ್ನದಾಯಿತು. ಪುಣೆ ಬೇಡ ಎಂದು ಬರೆದುಕೊಟ್ಟೆ. ಯಾಕೆ ಎಂದು ಯಾರಿಗೂ ಹೇಳಿಲ್ಲ, ಶೀತಲ ಸರ್‌ಗೆ ಮಾತ್ರ ಕುರಿ ಸತ್ತ ಸುದ್ದಿ ಹೇಳಿದೆ. ಅವರು ಆ ದಿನದ ಭೇಟಿಯಲ್ಲಿ ಯಾರಿಗೂ ಪ್ರಶ್ನೆ ಬರೆದುಕೊಡಲಿಲ್ಲ. ಕೈಯಲ್ಲಿ ಪೆನ್ಸಿಲ್ ಹಿಡಿದುಕೊಂಡು ಕೂತೇ ಇದ್ದರು.

ಅಮೋಲಣ್ಣ ಮತ್ತೆ ಬಂದಿದ್ದರೇ? ಯಾರಿಗೆ ಹೇಳಿದ್ದೆ ಎಂದು ಏನಾದರೂ ಹೇಳಿದರೇ?

ಓದು ಬಿಟ್ಟು ಬಂದರೆ ಅವ್ವ ಬೈಯುತ್ತಾಳೆಯೇ? ಸುಮ್ಮನೆ ಕೇಳಿದೆ.

ಸಾರಿಕಾ


ಕೊಕಟನೂರ
12 ನವೆಂಬರ್ 2024

ಸಾರಿಕಾ,

ದೀಪಾವಳಿ ಪಾಡ್ಯಕ್ಕೆ ಈ ಸಲ ನಿನ್ನ ಅಪ್ಪ ಕುರಿಗಳಿಗೆ ಬಣ್ಣ ಹಚ್ಚಲಿಲ್ಲ, ಓಡಿಸಲಿಲ್ಲ. ಅದು ಇರಲಿ. ಮೊನ್ನೆ ಭಾನುವಾರ ನಿಮ್ಮ ಶೀತಲ ಸರ್ ಬಂದಿದ್ದರು. ನಿನಗೆ ಹೇಳಿ ಬಂದರೋ ಹೇಳದೆ ಬಂದರೋ ತಿಳಿಯದು.

ಒಬ್ಬರೇ ಕಾರು ನಡೆಸಿಕೊಂಡು, ಮೂರು ಕಡೆ ದಾರಿ ಕೇಳಿಕೊಂಡು ಬಂದರಂತೆ. ಎತ್ತರದ ಆಳು, ಬಿಳಿ ಅಂಗಿ. ಬಾಗಿಲಲ್ಲಿ ನಿಂತು ಏನೋ ಹೇಳಲು ಶುರು ಮಾಡಿದರು. ನಿನ್ನ ಅಪ್ಪ ಬಿಡಬೇಕಲ್ಲ! ಓಡಿಹೋಗಿ ಹೊಸ ಕಂಬಳಿ ತಂದು ಹಾಸಿದ, ತಂಬಿಗೆಯಲ್ಲಿ ನೀರು ಕೊಟ್ಟ, ಕಾಲಿಗೆ ಬಿದ್ದ.

"ಏಳ್ರಿ, ಏಳ್ರಿ, ಹಿಂಗ ಮಾಡಬ್ಯಾಡ್ರಿ" ಎಂದು ಅವರು ಹಿಂದೆ ಸರಿದರು.

"ಯಾಕ ಮಾಡಬಾರದ್ರಿ? ನನ್ನ ಮಗಳಿಗಿ ಬಾಯಿ ಬರಿಸಿದವರು ನೀವು. ಮನ್ಯಾಗ ಮೂಕಿ ಹಂಗ ಇರ್ತಿತ್ತು, ಅವತ್ತ ತೋಟದಾಗ ಐದು ಮಂದಿ ಸಾಹೇಬ್ರ ಮುಂದ ಪಟಪಟ ಮಾತಾಡ್ತು. ಕುರಿ ಹೋದು ಹೋಗ್ಲಿ ಬಿಡ್ರಿ. ಅಕಿಗೆ ಹೇಳಬ್ಯಾಡ್ರಿ, ಅಕಿ ಓದು ನಿಲ್ಲಬಾರದು. ಆ ಅಮೋಲನ್ನ ನಾ ನೋಡ್ಕೋತೇನಿ."

ನಾನು ಅವರ ಮುಖ ನೋಡುತ್ತಿದ್ದೆ ಮಗಳೇ. ಕಿವಿ ಹೋದವರಿಗೆ ಮುಖವೇ ಕಿವಿ. ಆ ಮನುಷ್ಯ ಏನೋ ಹೊತ್ತುಕೊಂಡು ಬಂದಿದ್ದರು, ಅದನ್ನು ಇಳಿಸಲು ಜಾಗ ಸಿಗಲಿಲ್ಲ. ಚಹಾ ಆರಿತು. ಮಾಯಾ ಮತ್ತೊಂದು ಮಾಡಿ ತಂದಳು, ಅದೂ ಆರಿತು.

ಕೊನೆಗೆ ನನ್ನ ಹತ್ತಿರ ಬಂದು ಕೂತರು. ಜೋರಾಗಿ ಹೇಳಿದರೆ ಮಾಳುವಿಗೆ ಕೇಳುತ್ತದೆ. ಮೆಲ್ಲಗೆ ಹೇಳಿದರೆ ನನಗೆ ಕೇಳುವುದಿಲ್ಲ. ಜೇಬಿನಿಂದ ಸಣ್ಣ ಹಾಳೆ ತೆಗೆದು ಬರೆದರು, ಹರಿದು ನನ್ನ ಕೈಗೆ ಕೊಟ್ಟರು. ಅದರಲ್ಲಿದ್ದದ್ದನ್ನು ಹಾಗೇ ಬರೆಯುತ್ತೇನೆ:

"ಅಮೋಲರು ಅಕ್ಟೋಬರ್ ಹದಿನೈದಕ್ಕೇ ಸಾರಿಕಾಗೆ ಫೋನಿನಲ್ಲಿ ಬರೆದು ತಿಳಿಸಿದ್ದರು. ನೀಲಿ ಔಷಧ ಹೊಡೆದಿದೆ, ಹದಿನೈದು ದಿನ ಹಿಂಡು ಬೇಡ ಎಂದು. ಅವಳು ನನ್ನನ್ನು ಕೇಳಿದಳು. ಐದು ಜನಕ್ಕೆ ಕೊಟ್ಟ ತಾರೀಖು, ಬದಲಿಸಬೇಡ ಎಂದವನು ನಾನು. ನಾನು ದ್ರಾಕ್ಷಿ ತೋಟದ ಮನೆಯವನು."

ಓದಿ ಮುಗಿಸುವಷ್ಟರಲ್ಲಿ ನಿನ್ನ ಅಪ್ಪ ಬಂದ. "ಏನ್ ಬರದ್ರು ಬೇ?"

"ಕಿವಿಗಿ ಯಾವ ಡಾಕ್ಟರ ಚಲೋ ಅಂತ ಬರದಾರ" ಎಂದೆ. ಹಾಳೆಯನ್ನು ಕುಪ್ಪಸದೊಳಗೆ ಇಟ್ಟೆ. ಮಗನ ಮುಂದೆ ಈ ವಯಸ್ಸಿನಲ್ಲಿ ಸುಳ್ಳು ಹೇಳಿದೆ.

ಸಾಹೇಬರು ಹೋದರು. ಅವತ್ತಿನಿಂದ ನಾನು ಒಲೆಯ ಮುಂದೆ ಕೂತರೆ ಹಿತ್ತಲಿಗೆ ಹೋಗಬೇಕೆನಿಸುತ್ತದೆ, ಹಿತ್ತಲಿಗೆ ಹೋದರೆ ಅಂಗಳಕ್ಕೆ. ಡಿಸೆಂಬರ್ ಒಂದಕ್ಕೆ ಅಮಾವಾಸ್ಯೆ. ಅವತ್ತು ನಾಲ್ಕೂರ ಕುರಿಗಾರರು ನಮ್ಮಲ್ಲಿ ಕೂಡುತ್ತಾರೆ. ಅಮೋಲನ ಮೇಲೆ ಎಲ್ಲರ ಸಹಿ ಹಾಕಿಸಿ ದೂರು ಕೊಡುವುದು ಎಂದು ನಿನ್ನ ಅಪ್ಪ ಗಟ್ಟಿ ಮಾಡಿದ್ದಾನೆ. ಅಮೋಲ ಇಂದಿಗೂ ನಿನ್ನ ಹೆಸರು ಎತ್ತಿಲ್ಲ. ಅಪ್ಪ ಮಗಳ ನಡುವೆ ಬರಬಾರದು ಎಂದು ಎಲ್ಲ ಬೈಗುಳ ನುಂಗಿಕೊಂಡು ಕೂತಿದ್ದಾನೆ.

ಖರೇ ಏನು, ನಿನ್ನ ಕೈಯಿಂದ ಬರೆ.

ಆಯಿ


ಹಾಸ್ಟೆಲ್
17 ನವೆಂಬರ್ 2024

ಆಯಿ,

ಸರ್ ಬರೆದದ್ದು ನಿಜ. ಆದರೆ ಪೂರ್ತಿ ಅಲ್ಲ.

ನೀನು ಕೇಳು ಎಂದಿದ್ದೆ, ಕೇಳಿದೆ. ಅಕ್ಟೋಬರ್ ಹದಿನೈದರ ಮಂಗಳವಾರ ಮಧ್ಯಾಹ್ನ ಅಮೋಲಣ್ಣನ ಉತ್ತರ ಬಂತು. ತರಗತಿಯಲ್ಲಿದ್ದೆ. ವ್ಯಾನ್ ಗೊತ್ತುಮಾಡಿ ಆಗಿತ್ತು, ಐವರಿಗೂ ತಿಳಿಸಿ ಆಗಿತ್ತು. ಸರ್‌ಗೆ ಫೋನ್ ಮಾಡಿ ಕೇಳಿದೆ, "ಸರ್, ತೋಟದವರು ಹದಿನೈದು ದಿನ ಮುಂದೆ ಹಾಕಿ ಅಂತಿದ್ದಾರೆ." ಔಷಧದ ಮಾತು ನಾನು ಹೇಳಿದ್ದು ನಡುವೆ ಎಲ್ಲೋ, ಬೇಗ ಬೇಗ, ಅದು ದೊಡ್ಡ ಮಾತಲ್ಲ ಎಂಬ ಹಾಗೆ. ಅವರು "ಮೊದಲನೇ ತಾರೀಖಿಗೇ ತಪ್ಪಿದ್ರ ಯಾರೂ ಎರಡನೇ ತಾರೀಖು ಕೊಡೂದಿಲ್ಲವಾ" ಎಂದರು. ನನಗೆ ಬೇಕಾದ ಉತ್ತರ ಅದೇ ಆಗಿತ್ತು. ಬೇಕಾದ ಉತ್ತರ ಬರುವ ಹಾಗೆ ಕೇಳಿದ್ದೆ.

ಅಮೋಲಣ್ಣನಿಗೆ "ಆಯ್ತು ಅಣ್ಣಾ" ಎಂದು ಬರೆದೆ. ಅವರು ಹಿಂಡು ಬರುವುದಿಲ್ಲ ಎಂದುಕೊಂಡು ನೆಮ್ಮದಿಯಿಂದ ಮೀರಜಕ್ಕೆ ಹೋದರು, ತೋಟದ ಆಳಿಗೆ ತಾರೀಖು ಬದಲಾದದ್ದು ಗೊತ್ತಿರಲಿಲ್ಲ. ಗುರುವಾರ ಅಪ್ಪ ಫೋನ್ ಮಾಡಿ, "ಎಲ್ಲಾ ಕೇಳಿದೇನವಾ?" ಎಂದರು. "ಹೂಂ ಅಪ್ಪಾ, ಎಲ್ಲಾ ಮಾತಾಡೇನಿ" ಎಂದೆ. ಔಷಧ ಅಂದರೆ ವಾಸನೆ ಇರುತ್ತದೆ, ಅಷ್ಟೇ ಎಂದುಕೊಂಡಿದ್ದೆ. ಇಲ್ಲ ಆಯಿ. ಅಷ್ಟೇ ಇರಲಿ ಎಂದುಕೊಂಡಿದ್ದೆ.

ಸರ್ ಈಗ ಬೇರೆ ಮಾತು ಹೇಳುತ್ತಿದ್ದಾರೆ. "ನಾನು ಮತ್ತ ಬಂದು ನಿಮ್ಮಪ್ಪಗ ಎಲ್ಲಾ ನನ್ನ ತಪ್ಪು ಅಂತ ಹೇಳ್ತೇನಿ. ನಿನ್ನ ಹೆಸರು ಬರೂದು ಬ್ಯಾಡ. ನೀ ಓದು ಮುಗಸು" ಎಂದರು. ಹೂಂ ಎಂದುಬಿಡಬೇಕು ಎಂದು ದಿನಕ್ಕೆ ಹತ್ತು ಸಲ ಅನಿಸುತ್ತದೆ.

ಅಪ್ಪ ದಿನಾ ಫೋನ್ ಮಾಡುತ್ತಾರೆ. ಕುರಿ ಸತ್ತದ್ದು ನನಗೆ ಗೊತ್ತಿಲ್ಲ ಎಂದೇ ಮಾತಾಡುತ್ತಾರೆ. "ಹಿಂಡು ಹೆಂಗೈತಪಾ?" ಎಂದರೆ "ಚಲೋ ಐತಿ, ನೀ ಓದ್ಕೋ" ಎನ್ನುತ್ತಾರೆ. ಆಯಿ, ಏನು ಮಾಡಲಿ?

ಸಾರಿಕಾ


ಕೊಕಟನೂರ
23 ನವೆಂಬರ್ 2024

ನನ್ನ ಮಗಳು ಸಾರಿಕಾಗೆ,

ನಿನ್ನ ಕಾಗದ ಓದಿದೆ. ನಿನ್ನನ್ನು ಬೈಯಲು ಕೂತರೆ ಮೊದಲು ನನ್ನನ್ನೇ ಬೈದುಕೊಳ್ಳಬೇಕು. ಹೋದ ತಿಂಗಳ ಹದಿನೆಂಟನೇ ತಾರೀಖಿನ ಶುಕ್ರವಾರದ ನನ್ನ ಸಂಗತಿ ನಿನಗೆ ಬರೆದಿರಲಿಲ್ಲ. ಯಾರಿಗೂ ಹೇಳಿರಲಿಲ್ಲ.

ಅವತ್ತು ಬೆಳಿಗ್ಗೆ ಏಳರ ಬಸ್ಸಿಗೆ ಕಿವಿ ತೋರಿಸಲು ಅಥಣಿಗೆ ಹೋಗಿದ್ದೆ. ಡಾಕ್ಟರು ಇರಲಿಲ್ಲ, ಟೆಂಪೋ ಹತ್ತಿ ತಿರುಗಿ ಬಂದೆ. ಬರುವ ದಾರಿಯಲ್ಲಿ ಅಮೋಲನ ತೋಟ ನೋಡಿದೆ. ಬಳ್ಳಿಯ ಮೇಲೆ ನೀಲಿ, ಕಲ್ಲುಕಂಬದ ಮೇಲೆ ನೀಲಿ, ಕೆಳಗೆ ಬಿದ್ದ ಎಲೆಯ ಮೇಲೆಯೂ ನೀಲಿ. ಟೆಂಪೋ ಬೇಗ ಓಡು ಎಂದು ಮನಸ್ಸಿನಲ್ಲೇ ಬಡಿದುಕೊಂಡೆ. ನಮ್ಮೂರಲ್ಲಿ ಇಳಿದಾಗ ಹಿಂಡು ಎದ್ದಿತ್ತು. ಮುಂದಾಳು ಟಗರಿಗೆ ದೇವರ ಭಂಡಾರದ ಅರಿಶಿನ ಹಚ್ಚಿ ಆಗಿತ್ತು, ಅದು ಊರ ಗಡಿಯ ಕಲ್ಲು ದಾಟಿತ್ತು. ನಿನ್ನ ಅಪ್ಪನ ಬೆನ್ನು ಕಾಣುತ್ತಿತ್ತು.

ನಮ್ಮ ಪದ್ಧತಿ ನಿನಗೆ ಗೊತ್ತು. ಭಂಡಾರ ಹಚ್ಚಿ ಎದ್ದ ಹಿಂಡನ್ನು ಹಿಂದಿನಿಂದ ಕರೆಯಬಾರದು. ಕೊಡಲಿ ಮರೆತು ಹೋಗಿದ್ದರೂ ಕೂಗಬಾರದು, ಓಡಿಹೋಗಿ ಮುಂದೆ ನಿಂತು ಕೈಗೆ ಕೊಡಬೇಕು. ಕರೆದರೆ ಹಿಂಡಿಗೆ ಕೇಡು. ನನಗೆ ಓಡಲು ಆಗುವುದಿಲ್ಲ. ಲಕ್ಷ್ಮಣನ ಮೋಟಾರ್ ಸೈಕಲ್ ಬಾಗಿಲಲ್ಲೇ ಇತ್ತು, ಹಿಂದೆ ಕೂತು ಹೋಗಿ ಮುಂದೆ ನಿಲ್ಲಬಹುದಿತ್ತು. ಮಾಯಾಳಿಂದ ಫೋನ್ ಮಾಡಿಸಬಹುದಿತ್ತು. ಫೋನು ಅಂದರೂ ಹಿಂದಿನಿಂದ ಕರೆದಂತೆಯೇ ಎಂದುಕೊಂಡೆ. ಮಾಳುವಿಗೆ ಕಣ್ಣಿವೆ, ನೋಡಿಕೊಳ್ಳುತ್ತಾನೆ ಎಂದುಕೊಂಡೆ. ಸಾರಿಕಾ ಕೇಳಿರುತ್ತಾಳೆ ಎಂದುಕೊಂಡೆ. ಅವನು ಮುಟ್ಟುವಾಗ ಕತ್ತಲಾಗಿತ್ತು. ಮಗಳು ಎಲ್ಲಾ ಮಾತಾಡಿದ್ದಾಳೆ ಎಂದು ಅವನು ಎಲೆ ಎತ್ತಿ ನೋಡಲಿಲ್ಲ. ಬೆಳಕು ಹರಿಯುವಷ್ಟರಲ್ಲಿ ಹಿಂಡು ಎಲೆ ಮೇದು ಮುಗಿಸಿತ್ತು. ಕೇಡು ಬರಬಾರದು ಎಂದು ನಾನು ಬಾಯಿ ಮುಚ್ಚಿಕೊಂಡು ನಿಂತೆ, ಕೇಡು ನನ್ನ ಎದುರಿಗೇ ನಡೆದುಕೊಂಡು ಹೋಯಿತು.

ನಿನ್ನ ಕಾಗದ ಬಂದ ದಿನ ಸಂಜೆ ಇದನ್ನು ನಿನ್ನ ಅಪ್ಪನಿಗೆ ಹೇಳಿದೆ. ನನ್ನ ಪಾಲಿನದು ಮಾತ್ರ ಹೇಳಿದೆ. ಅವನು ಕಂಬಳಿಯ ಅಂಚು ತಿರುವುತ್ತ ಕೂತ. ಬೈಯಲಿ ಎಂದು ಕಾದೆ. ಆಮೇಲೆ ಎದ್ದು ಬಂದು ನನ್ನ ಬಲಗಿವಿಗೆ ಬಾಯಿ ಹಚ್ಚಿ ಒಂದೇ ಮಾತು ಹೇಳಿದ.

"ಕರೀಬೇಕಿತ್ತು ಬೇ ನೀ."

ಅಷ್ಟೇ. ಮರುದಿನ ಎಂದಿನಂತೆ ನನ್ನ ಚಹಾಕ್ಕೆ ಬೆಲ್ಲ ಹಾಕಿ ತಂದುಕೊಟ್ಟ. ಆದರೆ ಅಮೋಲನ ಮೇಲಿನ ಸಿಟ್ಟು ಇಳಿದಿಲ್ಲ. "ನೀ ನೋಡಿದ್ದಿ, ಹೇಳಲಿಲ್ಲ. ನಮ್ಮ ಹಿರೇರು ಮಾಡಿದ ಪದ್ಧತಿ, ಹೋಗ್ಲಿ. ಅಂವಗ ಏನ್ ಪದ್ಧತಿ ಅಡ್ಡ ಬಂದಿತ್ತು?" ಎನ್ನುತ್ತಾನೆ. ಇದಕ್ಕೆ ಉತ್ತರ ನನ್ನ ಹತ್ತಿರ ಇಲ್ಲ, ನಿನ್ನ ಹತ್ತಿರ ಇದೆ.

ಶೀತಲ ಸಾಹೇಬರಿಗೆ ನನ್ನ ಮಾತು ಮುಟ್ಟಿಸು. ಅವರು ಒಳ್ಳೆಯವರು, ದೂರದಿಂದ ಬಂದರು, ಕಿವುಡಿಯ ಕೈಗೆ ಚೀಟಿ ಕೊಟ್ಟು ಹೋದರು. ಅವರ ಪಾಲಿನದನ್ನು ಅವರು ಮಾಳುವಿನ ಎದುರು ಬಾಯಿಬಿಟ್ಟು ಹೇಳಲಿ. ಕಂಬಳಿ ಹಾಸಿದ ಮನೆ, ಹೇಳಿದರೆ ಯಾರೂ ಎಬ್ಬಿಸಿ ಕಳಿಸುವುದಿಲ್ಲ. ಆದರೆ ನಿನ್ನ ಪಾಲಿನದನ್ನು ಅವರು ಹೊರಬಾರದು. ಮೂವತ್ನಾಲ್ಕು ವರ್ಷ ಕೆಲಸ ಮಾಡಿದವರು ನಿನಗೆ ಇಷ್ಟೆಲ್ಲ ಕಲಿಸಿ, ಕೊನೆಗೆ ಇದೊಂದನ್ನು ಕಲಿಸುವುದು ಬೇಡ. ಓದು ಬಿಡುವ ಮಾತು, ಪುಣೆಯ ಮಾತು ಆಮೇಲೆ ಆಡೋಣ. ಅದಕ್ಕೆ ಅವಸರವಿಲ್ಲ.

ಅವಸರ ಇರುವುದು ಇದಕ್ಕೆ. ಒಂದನೇ ತಾರೀಖಿಗೆ ನಾಲ್ಕೂರ ಜನ ಕೂಡಿದರೆ, ಏನೂ ತಪ್ಪು ಮಾಡದವನ ಹೆಸರಿನ ಕೆಳಗೆ ಎಲ್ಲರೂ ಹೆಬ್ಬೆಟ್ಟು ಒತ್ತುತ್ತಾರೆ. ಒತ್ತಿದ ಮೇಲೆ ಮಾಳು ಹಿಂದೆ ಸರಿಯುವವನಲ್ಲ, ಮುಂದೆ ನಿಜ ತಿಳಿದರೂ ತಲೆ ಎತ್ತಿ ತಿರುಗುವವನಲ್ಲ.

ಫೋನಿನಲ್ಲಿ ಹೇಳಬೇಡ. ಫೋನಿನಲ್ಲಿ ನೀನು ಅಳುತ್ತೀ. ನೀನು ಅತ್ತರೆ ಅವನು "ಇರ್ಲಿ ಬಿಡವಾ" ಎಂದು ಅರ್ಧಕ್ಕೇ ನಿಲ್ಲಿಸಿಬಿಡುತ್ತಾನೆ. ಅರ್ಧ ಹೇಳಿದ್ದು ಸುಳ್ಳಿಗಿಂತ ಕೆಟ್ಟದ್ದು. ಬರೆ. ನನ್ನ ಹೆಸರಿಗೆ ಬೇಡ, ಅವನ ಹೆಸರಿಗೆ ಬರೆ. ಅವನು ನಾಲ್ಕನೇ ಇಯತ್ತೆ ಕಲಿತವನು, ಬೆರಳಿಟ್ಟು ಒಂದೊಂದೇ ಅಕ್ಷರ ಓದುತ್ತಾನೆ. ನಿಧಾನ ಓದುತ್ತಾನೆ, ಆದರೆ ಪೂರ್ತಿ ಓದುತ್ತಾನೆ. ಓದುವಾಗ ನಾನು ಪಕ್ಕದಲ್ಲಿ ಕೂತಿರುತ್ತೇನೆ.

ಇವತ್ತು ಶನಿವಾರ. ಈ ಕಾಗದ ನಿನಗೆ ಮಂಗಳವಾರ ಮುಟ್ಟಬೇಕು. ಅವತ್ತೇ ಬರೆದು ಅವತ್ತೇ ಹಾಕು ಮಗಳೇ. ಬೇಗ ಬರೆ.

ಇಂತಿ ನಿನ್ನ ಆಯಿ,
ಸಾವಕ್ಕ